ಲೆಕ್ಕಕ್ಕಿಲ್ಲದವನ ಕೈ

ಹುಳಿಮಾವು ಗೇಟಿನಿಂದ ಒಳಗೆ ಎರಡು ತಿರುವು ದಾಟಿದರೆ ನಮ್ಮ ಬೀದಿ. ಬೀದಿಯ ಕೊನೆಗೆ ಒಂದು ಸೈಟು ಇನ್ನೂ ಖಾಲಿ ಉಳಿದಿದೆ. ಅಣ್ಣತಮ್ಮಂದಿರ ವ್ಯಾಜ್ಯವಂತೆ, ಕೋರ್ಟಿನಲ್ಲಿದೆಯಂತೆ. ಆ ವ್ಯಾಜ್ಯ ಬೇಗ ಇತ್ಯರ್ಥವಾಗದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುವವರಲ್ಲಿ ನಾನೂ ಒಬ್ಬ. ಸಂಜೆ ಐದಾಯಿತೆಂದರೆ ಆ ಜಾಗ ಮಕ್ಕಳದು. ಅಪಾರ್ಟ್‌ಮೆಂಟಿನವರು, ಇಸ್ತ್ರಿ ಅಂಗಡಿಯವರ ಇಬ್ಬರು, ಹಿಂದಿನ ಶೀಟ್ ಮನೆಗಳಲ್ಲಿರುವ ಯಾದಗಿರಿ ಕಡೆಯ ಕಟ್ಟಡ ಕೆಲಸದವರ ಮಕ್ಕಳು, ಬಂಗಾಳದಿಂದ ಬಂದ ಸೆಕ್ಯುರಿಟಿಯವರ ಮಗ, ಎಲ್ಲರೂ ಅಲ್ಲಿ ಸೇರುತ್ತಾರೆ. ನಾನು ವಾಕಿಂಗಿನ ನೆಪದಲ್ಲಿ ಹೋಗಿ ಅಲ್ಲಿರುವ ಕಲ್ಲಿನ ಮೇಲೆ ಕೂರುತ್ತೇನೆ. ವಾಕಿಂಗು ಅಲ್ಲಿಗೇ ಮುಗಿಯುತ್ತದೆ.

ಮೊನ್ನೆ ಲಾಕ್ ಅಂಡ್ ಕೀ ನಡೆಯುತ್ತಿತ್ತು. ಹಿಡಿಯುವವನು ಮುಟ್ಟಿದರೆ ‘ಲಾಕ್’, ಮುಟ್ಟಿಸಿಕೊಂಡವನು ನಿಂತಲ್ಲೇ ಕಲ್ಲಾಗಬೇಕು. ಜೊತೆಯವರು ಯಾರಾದರೂ ಓಡಿಬಂದು ಮುಟ್ಟಿದರೆ ‘ಕೀ’, ಮತ್ತೆ ಜೀವ. ಕೆಲವು ಕಡೆ ಇದನ್ನೇ ವಿಷ–ಅಮೃತ ಎನ್ನುತ್ತಾರೆ, ಕೇಳುವುದಕ್ಕೆ ಅದೇ ಚಂದ. ಅಷ್ಟರಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ನಾಲ್ಕು ವರ್ಷದ ತಮ್ಮನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಳು. “ಇವನ್ನೂ ಸೇರಿಸ್ಕೊಳ್ಳಿ. ಇಲ್ದಿದ್ರೆ ಅಮ್ಮ ನನ್ನೂ ಬಿಡಲ್ಲ” ಎಂದಳು. ಗುಂಪು ಒಂದು ಕ್ಷಣ ಯೋಚಿಸಿತು. ಆಮೇಲೆ ದೊಡ್ಡ ಹುಡುಗ ತೀರ್ಪು ಕೊಟ್ಟ: “ಸರಿ, ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ ಕಣ್ರೋ.”

ಎಷ್ಟು ವರ್ಷವಾಗಿತ್ತು ಈ ಮಾತನ್ನು ಅದರ ತವರಿನಲ್ಲಿ ಕೇಳಿ! ದೊಡ್ಡವರ ಲೋಕದಲ್ಲಿ ಇದು ಕುಹಕದ ಮಾತು. ಖಾತೆಯಿಲ್ಲದ ಮಂತ್ರಿ, ಸಹಿ ಹಾಕುವ ಅಧಿಕಾರವಿಲ್ಲದ ಅಧಿಕಾರಿ, ಮದುವೆ ಮನೆಯಲ್ಲಿ ಓಡಾಡುವ ದೂರದ ಸಂಬಂಧಿ, ಇವರೆಲ್ಲ ನಮ್ಮ ಬಾಯಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ. ಆದರೆ ಮಕ್ಕಳು ಇದನ್ನು ಕಟ್ಟಿಕೊಂಡದ್ದು ಒಂದು ಕಾಯ್ದೆಯಾಗಿ. ಚಿಕ್ಕವನನ್ನು ಹೊರಗಿಡಬಾರದು, ಅವನಿಂದ ಆಟವೂ ಕೆಡಬಾರದು. ಎರಡನ್ನೂ ಒಂದೇ ಏಟಿಗೆ ಸಾಧಿಸಿದ ಜಾಣ ಕಾಯ್ದೆ ಅದು. ಔಟಾದರೂ ಅವನು ಔಟಲ್ಲ. ಓಡಬಹುದು, ಕೂಗಬಹುದು, ಬೀಳಬಹುದು.

ಇಂಥ ಮಗುವಿಗೆ ಎಷ್ಟೋ ಭಾಷೆಗಳಲ್ಲಿ ಹೆಸರಿದೆ. ಬಂಗಾಳಿಯಲ್ಲಿ ‘ದುಧ್ ಭಾತ್’, ಹಾಲು–ಅನ್ನ ಉಣ್ಣುವ ಕೂಸು. ತಮಿಳಿನಲ್ಲಿ ‘ಉಪ್ಪುಕ್ಕು ಚಪ್ಪಾಣಿ’. ಮರಾಠಿಯಲ್ಲಿ ‘ಲಿಂಬೂ ಟಿಂಬೂ’. ಹಿಂದಿಯಲ್ಲಿ ‘ಕಚ್ಚಾ ನಿಂಬೂ’, ಅಂದರೆ ಬಲಿಯದ ನಿಂಬೆ. ಹುಳಿಮಾವು ಎಂಬ ಹೆಸರಿನ ಊರಿನಲ್ಲಿ ಕೂತು ಇದನ್ನೆಲ್ಲ ಎಣಿಸುವಾಗ ಬಾಯಲ್ಲಿ ನೀರು ಬರುತ್ತದೆ, ಅದು ಬೇರೆ ಮಾತು.

ಬೀದಿಯ ಮಕ್ಕಳಿಗೆ ತಾವಾಗಿಯೇ ಹೊಳೆದ ಈ ಉಪಾಯ ನಮ್ಮ ಶಾಲೆಯ ಆಟಗಳಿಗೆ ಏಕೆ ಹೊಳೆಯಲಿಲ್ಲವೋ! ಗಣೇಶೋತ್ಸವವಿರಲಿ, ರಾಜ್ಯೋತ್ಸವವಿರಲಿ, ಶಾಲಾ ವಾರ್ಷಿಕೋತ್ಸವವಿರಲಿ, ಮ್ಯೂಸಿಕಲ್ ಚೇರ್ ಇಲ್ಲದೆ ಕಳೆಯುವುದಿಲ್ಲ. ಮೂವತ್ತು ಮಕ್ಕಳು, ಇಪ್ಪತ್ತೊಂಬತ್ತು ಕುರ್ಚಿ. ಮೊದಲ ಸುತ್ತಿನಲ್ಲೇ ಔಟಾಗುವವರು ಯಾರು? ಮೆತ್ತಗಿನ ಮಗು, ಹಿಂದೆ ಸರಿಯುವ ಮಗು, ನಿನ್ನೆ ತಾನೇ ಶಾಲೆಗೆ ಸೇರಿ ಯಾರ ಪರಿಚಯವೂ ಇಲ್ಲದ ಮಗು. ಉಳಿದ ಇಪ್ಪತ್ತೆಂಟು ಸುತ್ತು ಆ ಮಗು ಗೋಡೆಗೊರಗಿ ನೋಡುತ್ತಿರಬೇಕು. ಕೊನೆಯವರೆಗೂ ಓಡಾಡುವುದು ಮೊದಲೇ ಚುರುಕಾಗಿದ್ದವನು. ಆಡಬೇಕಾದ ಮಗುವಿಗೆ ಆಟ ಕಡಿಮೆ, ಆಡಿ ಪಳಗಿದವನಿಗೆ ಆಟ ಜಾಸ್ತಿ. ಕೆರೆ–ದಡದ ಕಥೆಯೂ ಅಷ್ಟೇ. ತಪ್ಪು ಜಿಗಿದ ಮಗು ಮೊದಲು ಹೊರಗೆ, ಎಡಬಲ ತಿಳಿಯದವನಿಗೆ ಕಲಿಯುವ ಅವಕಾಶವೇ ಇಲ್ಲ.

ಕೆನಡಾದ ಟೆರ್ರಿ ಆರ್ಲಿಕ್ ಎಂಬ ಕ್ರೀಡಾ ಮನಶ್ಶಾಸ್ತ್ರಜ್ಞ 1978ರಲ್ಲಿ ಸಹಕಾರದ ಆಟಗಳ ಬಗ್ಗೆ ಒಂದು ಪುಸ್ತಕ ತಂದ. ಅದರಲ್ಲಿ ಇದೇ ಕುರ್ಚಿಯಾಟವನ್ನು ಮಗುಚಿ ಹಾಕಿದ್ದಾನೆ. ಸಂಗೀತ ನಿಂತಾಗಲೆಲ್ಲ ಕುರ್ಚಿ ತೆಗೆಯಿರಿ, ಮಕ್ಕಳನ್ನು ತೆಗೆಯಬೇಡಿ. ಉಳಿದ ಕುರ್ಚಿಗಳಲ್ಲೇ ಎಲ್ಲರೂ ಹಿಡಿಸಬೇಕು. ತೊಡೆಯ ಮೇಲೆ, ಕೈಹಿಡಿಯ ಮೇಲೆ, ಒಬ್ಬರನ್ನೊಬ್ಬರು ತಬ್ಬಿ ಹೇಗಾದರೂ ಸರಿ. ಓದಿದಾಗ ‘ಇದೇನು ಆಟ, ಗೆಲ್ಲುವವರೇ ಇಲ್ಲ’ ಅನ್ನಿಸಿತ್ತು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಬಂದ ಹನ್ನೆರಡು ಮಕ್ಕಳ ಮೇಲೆ ಪ್ರಯೋಗಿಸಿಯೇ ಬಿಟ್ಟೆ. ಆರು ಕುರ್ಚಿಯವರೆಗೆ ನಗು. ನಾಲ್ಕಕ್ಕೆ ಬಂದಾಗ ಸದ್ದಡಗಿತು, ಲೆಕ್ಕಾಚಾರ ಶುರುವಾಯಿತು. ಯಾರು ಭಾರ, ಯಾರು ಹಗುರ, ಯಾರನ್ನು ಮೊದಲು ಕೂರಿಸಬೇಕು? ಒಬ್ಬ ಹುಡುಗ ಎಲ್ಲರಿಗೂ ಅಪ್ಪಣೆ ಕೊಡುತ್ತ ತಾನು ಮಾತ್ರ ನಿಂತೇ ಇದ್ದ. “ನೀನು ಬಾಯಿ ಮುಚ್ಕೊಂಡು ಮೊದ್ಲು ಕಾಲು ಮೇಲಿಡು” ಎಂದು ನಮ್ಮ ಮೊಮ್ಮಗಳು ಗದರಿದಳು. ಮೂರಕ್ಕೆ ಇಳಿದಾಗ ಒಂದು ಪ್ಲಾಸ್ಟಿಕ್ ಕುರ್ಚಿಯ ಕಾಲು ಲಟಕ್ಕೆಂದಿತು. ಹನ್ನೆರಡೂ ಮಕ್ಕಳು ಒಟ್ಟಿಗೇ ನೆಲಕ್ಕೆ. ನನ್ನ ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿ ಕೇಳಿದ್ದು ಒಂದೇ: “ಯಾರು ಗೆದ್ರು?” ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆದರೆ ಮೂರನ್ನೂ ದಾಟಿ ಎರಡಕ್ಕೆ ಹೋಗೋಣ ಎಂದು ಹಟ ಹಿಡಿದರು, ಈ ಸಲ ಮರದ ಬೆಂಚು ಕೊಡಿ ಎಂದು.

ಅವತ್ತು ನನಗೊಂದು ತಿಳಿಯಿತು. ಸಹಕಾರದ ಆಟವೆಂದರೆ ಕೈಕೈ ಹಿಡಿದು ಸುತ್ತುತ್ತ ‘ನಾವೆಲ್ಲ ಒಂದು’ ಎನ್ನುವುದಲ್ಲ. ಹಾಗೆ ಆಡಿಸಿದರೆ ಮಕ್ಕಳು ಐದು ನಿಮಿಷಕ್ಕೆ ಆಕಳಿಸುತ್ತಾರೆ, ಅವರು ಆಕಳಿಸುವುದು ನ್ಯಾಯವೇ. ಆಟಕ್ಕೆ ಎದುರಾಳಿ ಬೇಕೇ ಬೇಕು. ಆ ಎದುರಾಳಿ ಪಕ್ಕದ ಮಗುವೇ ಆಗಬೇಕಿಲ್ಲ. ಕುರ್ಚಿಯ ಕೊರತೆ, ಹೊತ್ತು, ಎತ್ತರ, ಭಾರ, ಒಂದರ ಮೇಲೊಂದು ನಿಲ್ಲಲೊಲ್ಲದ ಲಗೋರಿಯ ಕಲ್ಲು, ಯಾವುದಾದರೂ ಆದೀತು. ಲಗೋರಿಯನ್ನೇ ನೋಡಿ. ಏಳು ಕಲ್ಲು ಚೆಲ್ಲಾಪಿಲ್ಲಿಯಾದ ಮೇಲೆ ಒಬ್ಬ ಚೆಂಡಿನ ಏಟಿಗೆ ಬೆನ್ನು ಕೊಡುತ್ತಾನೆ, ಇನ್ನೊಬ್ಬ ಬಗ್ಗಿ ಕಲ್ಲು ಜೋಡಿಸುತ್ತಾನೆ. ಬೆನ್ನು ಕೊಟ್ಟವನ ಹೆಸರು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ, ಆದರೆ ಅವನಿಲ್ಲದೆ ಗೋಪುರ ಏಳುವುದಿಲ್ಲ.

ಈ ವಿಷಯದಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ಒಂದು ಹಗ್ಗದ ಕಥೆ. 1954ರ ಬೇಸಿಗೆಯಲ್ಲಿ ಮುಜಫರ್ ಶೆರೀಫ್ ಎಂಬ ಸಮಾಜ ಮನಶ್ಶಾಸ್ತ್ರಜ್ಞ ಅಮೆರಿಕದ ಒಕ್ಲಹೋಮಾದಲ್ಲಿ, ರಾಬರ್ಸ್ ಕೇವ್ ಎಂಬ ಕಾಡಿನ ಉದ್ಯಾನಕ್ಕೆ 22 ಹುಡುಗರನ್ನು ಶಿಬಿರಕ್ಕೆಂದು ಕರೆದೊಯ್ದ. ಎಲ್ಲರಿಗೂ ಹನ್ನೊಂದರ ಆಸುಪಾಸು. ಎರಡು ಗುಂಪು ಮಾಡಿ ಬೇರೆ ಬೇರೆ ಇಟ್ಟ. ಆಮೇಲೆ ಅವರ ನಡುವೆ ಬೇಸ್‌ಬಾಲು, ಹಗ್ಗಜಗ್ಗಾಟ, ಗೆದ್ದವರಿಗೆ ಪದಕ, ಚಾಕು. ಕೆಲವೇ ದಿನಗಳಲ್ಲಿ ಬೈಗುಳ, ಬಾವುಟ ಸುಡುವುದು, ಒಬ್ಬರ ಬಿಡಾರದ ಮೇಲೆ ಇನ್ನೊಬ್ಬರ ದಾಳಿ. ಸರಿ, ರಾಜಿ ಮಾಡಿಸೋಣವೆಂದು ಇಬ್ಬರನ್ನೂ ಒಟ್ಟಿಗೆ ಊಟಕ್ಕೆ ಕೂರಿಸಿದರು. ಊಟವನ್ನೇ ಎತ್ತಿ ಎಸೆದಾಡಿಕೊಂಡರು. ಕೊನೆಗೆ ಶೆರೀಫ್ ತೊಂದರೆಗಳನ್ನು ಹುಟ್ಟಿಸಿದ. ಕುಡಿಯುವ ನೀರು ನಿಂತುಹೋಯಿತು, ಎಲ್ಲರೂ ಹುಡುಕಾಡಬೇಕಾಯಿತು. ಊಟ ತರಬೇಕಿದ್ದ ಲಾರಿ ‘ಕೆಟ್ಟು’ ನಿಂತಿತು, ಎಲ್ಲರೂ ಎಳೆಯಬೇಕಾಯಿತು. ಎಳೆಯಲು ಅವರ ಕೈಗೆ ಸಿಕ್ಕಿದ್ದು ಯಾವ ಹಗ್ಗ ಗೊತ್ತೇ? ಹಗ್ಗಜಗ್ಗಾಟದಲ್ಲಿ ಒಬ್ಬರನ್ನೊಬ್ಬರು ಕೆಡವಿದ ಅದೇ ಹಗ್ಗ.

ನಮಗೆ ಇದನ್ನು ಯಾವ ಪ್ರಯೋಗಶಾಲೆಯೂ ಹೇಳಿಕೊಡಬೇಕಾಗಿಲ್ಲ. ಹಗ್ಗವನ್ನು ಎರಡೂ ಕಡೆಯಿಂದ ಹಿಡಿದರೆ ಹಗ್ಗಜಗ್ಗಾಟ, ಒಂದೇ ಕಡೆಯಿಂದ ಹಿಡಿದರೆ ತೇರು. ತೇರಿನ ಹಗ್ಗಕ್ಕೆ ಕೈ ಹಚ್ಚಿದ ನಾಲ್ಕು ವರ್ಷದ ಮಗು ನಿಜಕ್ಕೂ ಎಷ್ಟು ಎಳೆದೀತು? ಒಂದು ಗುಲಗಂಜಿಯಷ್ಟೂ ಇಲ್ಲ. ಆದರೆ ತೇರು ಕದಲಿದಾಗ ಅದು ಮನೆಗೆ ಹೋಗಿ ಹೇಳುವುದು ‘ನಾನು ತೇರು ಎಳೆದೆ’ ಎಂದೇ, ಯಾರೂ ಅಲ್ಲಗಳೆಯುವುದಿಲ್ಲ.

ಶೆರೀಫನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಅದರ ಹಿಂದಿನ ವರ್ಷದ ಕಥೆ ಇದಕ್ಕಿಂತ ಸೊಗಸಾಗಿದೆ. 1953ರಲ್ಲಿ ನ್ಯೂಯಾರ್ಕ್ ರಾಜ್ಯದ ಮಿಡಲ್ ಗ್ರೋವ್‌ನಲ್ಲಿ ಅವನು ಇದೇ ಪ್ರಯೋಗ ಮಾಡಹೊರಟಿದ್ದ. ಅಲ್ಲಿ ಹುಡುಗರನ್ನು ಮೊದಲು ಒಟ್ಟಿಗೇ ಬಿಟ್ಟು, ಸ್ನೇಹವಾದ ಮೇಲೆ ಎರಡು ಗುಂಪಾಗಿ ಒಡೆದರು. ಶಿಬಿರದವರೇ ಗುಟ್ಟಾಗಿ ಕಿತಾಪತಿ ಮಾಡಿ, ‘ನೋಡು, ಅವರೇ ಮಾಡಿದ್ದು’ ಎನ್ನಿಸಲು ನೋಡಿದರು. ಹುಡುಗರು ಜಗಳಕ್ಕೆ ಬೀಳಲಿಲ್ಲ. ಬದಲಿಗೆ ದೊಡ್ಡವರ ಮೇಲೇ ಅನುಮಾನಪಟ್ಟರು! ಪ್ರಯೋಗ ಅರ್ಧಕ್ಕೇ ನಿಂತಿತು. ಗಿನಾ ಪೆರ್ರಿ ಎಂಬ ಲೇಖಕಿ 2018ರಲ್ಲಿ ಈ ವಿವರಗಳನ್ನೆಲ್ಲ ಹೊರತೆಗೆದು ಬರೆದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮೊದಲು ಕೂಡಿ ಆಡಿದ ಮಕ್ಕಳನ್ನು ಆಮೇಲೆ ಒಡೆಯುವುದು ದೊಡ್ಡ ವಿಜ್ಞಾನಿಗೂ ಸಾಧ್ಯವಾಗಲಿಲ್ಲ.

ಒಂದು ಕಷ್ಟ ಬಂದಾಗ ಒಂದಾಗುವುದು ನಮಗೂ ಗೊತ್ತು. 2019ರ ನವೆಂಬರ್ 24, ಭಾನುವಾರ. ಹುಳಿಮಾವು ಕೆರೆಯ ಏರಿ ಒಡೆದು ನೀರು ಬಡಾವಣೆಗಳಿಗೆ ನುಗ್ಗಿ ನೂರಾರು ಮನೆಗಳು ಮುಳುಗಿದವು. ಅವತ್ತು ಮೂರಂತಸ್ತಿನವರೂ ಶೀಟ್ ಮನೆಯವರೂ ಒಂದೇ ಮೆಟ್ಟಿಲ ಮೇಲೆ ಕೂತು ಒಂದೇ ಫ್ಲಾಸ್ಕಿನ ಟೀ ಕುಡಿದರು. ನೀರು ಇಳಿಯಿತು, ಕೆಸರು ಬಳಿದದ್ದಾಯಿತು, ಗೇಟುಗಳು ಮತ್ತೆ ಮುಚ್ಚಿಕೊಂಡವು. ಶೆರೀಫನಿಗೂ ಹೀಗೇ ಆಯಿತು. ನೀರಿನ ತೊಂದರೆ ಬಗೆಹರಿದ ದಿನ ಹುಡುಗರು ಒಟ್ಟಿಗೆ ಕುಣಿದರು, ಊಟದ ಹೊತ್ತಿಗೆ ಮತ್ತೆ ಕಿತ್ತಾಡಿದರು. ಒಂದರ ಹಿಂದೊಂದು, ಹಲವು ಸಲ ಕೂಡಿ ಕೆಲಸ ಮಾಡಿದ ಮೇಲೆ ಮಾತ್ರ ಮನಸ್ಸು ಕರಗಿತು. ಶಿಬಿರ ಮುಗಿಸಿ ಮರಳುವಾಗ ಒಂದು ಗುಂಪು ತಾನು ಗೆದ್ದಿದ್ದ ಐದು ಡಾಲರಿನಲ್ಲಿ ಎಲ್ಲರಿಗೂ ಮಾಲ್ಟೆಡ್ ಮಿಲ್ಕ್ ಕೊಡಿಸಿತಂತೆ. ವರ್ಷಕ್ಕೊಮ್ಮೆ ಪ್ರವಾಹ ಬರಲಿ ಎಂದು ಬೇಡಿಕೊಳ್ಳಲು ಆಗುವುದಿಲ್ಲವಲ್ಲ. ದಿನಾ ಸಂಜೆ ಆಟವಾದರೆ ಆದೀತು.

ಶಾಲೆಯ ಒಳಗೆ ಇಂಥದ್ದೊಂದು ಪ್ರಯತ್ನ ನಮ್ಮ ನಾಡಿನಲ್ಲೇ ಆಗಿದೆ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೊಳೆತ ನಲಿ–ಕಲಿಯನ್ನು ನಾವು ‘ಸರ್ಕಾರಿ ಯೋಜನೆ’ ಎಂದು ಸುಮ್ಮನೆ ದಾಟಿಬಿಡುತ್ತೇವೆ. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟರುಗಳೇ ಕೂತು ಕಾರ್ಡು ಬರೆದು, ಚಿತ್ರ ಅಂಟಿಸಿ ಕಟ್ಟಿದ ಪದ್ಧತಿ ಅದು. 2009–10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಮೊದಲ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳು ಬರೆದ ಚಿತ್ರಗಳ ಚಪ್ಪರ, ಮಗುವಿನ ಎದೆಮಟ್ಟಕ್ಕೆ ಗೋಡೆಯುದ್ದಕ್ಕೂ ಕಪ್ಪುಹಲಗೆ. ಒಂದು ಗುಂಪಿನ ಜೊತೆ ಮೇಷ್ಟರು ಕೂರುತ್ತಾರೆ, ಇನ್ನೊಂದು ಗುಂಪಿಗೆ ಸಹಪಾಠಿಗಳೇ ಆಸರೆ, ಮತ್ತೊಂದು ತನ್ನಷ್ಟಕ್ಕೆ ತಾನೇ ಕಲಿಯುತ್ತದೆ. ಸುಗ್ಗಿಗೋ ಜಾತ್ರೆಗೋ ಅಪ್ಪಅಮ್ಮನ ಜೊತೆ ಊರಿಗೆ ಹೋಗಿ ಹದಿನೈದು ದಿನ ಕಳೆದು ಬಂದ ಮಗು ಏಣಿಯಲ್ಲಿ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಔಟ್ ಎಂಬುದೇ ಇಲ್ಲ. ಕಟ್ಟಡ ಕೆಲಸ ಎಲ್ಲಿಗೆ ಎಳೆದರೆ ಅಲ್ಲಿಗೆ ಹೋಗುವ ಕುಟುಂಬಗಳು ತುಂಬಿರುವ ಬೆಂಗಳೂರಿನ ದಕ್ಷಿಣದಂಚಿಗೆ ಇದಕ್ಕಿಂತ ಹೊಂದುವ ಏರ್ಪಾಡು ಇನ್ನೊಂದಿರಲಾರದು.

ದೂರುಗಳಿಲ್ಲವೆಂದಲ್ಲ. ಒಬ್ಬರೇ ಮೇಷ್ಟರಿಗೆ ಅಷ್ಟು ಗುಂಪು, ಅಷ್ಟು ಕಾರ್ಡು, ಅಷ್ಟು ದಾಖಲೆ ಹೊರೆಯೇ. ‘ನಮ್ ಹುಡ್ಗ ಬರೀ ಆಡ್ಕೊಂಡು ಬರ್ತಾನೆ’ ಎಂಬ ತಾಯಂದಿರ ಮಾತನ್ನೂ ಕೇಳಿದ್ದೇನೆ. ಆ ಮಾತಿಗೆ ನನ್ನ ಬಳಿ ಉತ್ತರವಿದೆ, ಹೇಳಿದರೆ ಅವರು ಒಪ್ಪುವುದಿಲ್ಲ. ನನಗೆ ಬೇಸರವಾಗುವುದು ಬೇರೆ ಕಡೆ. ನಲಿ–ಕಲಿಯ ತರಗತಿ ದಾಟಿದ ಕೂಡಲೇ ಚಾಪೆ ಸುತ್ತಿಡುತ್ತಾರೆ. ಮುಂದಿನ ತರಗತಿಯಲ್ಲಿ ಮತ್ತೆ ಸಾಲು ಬೆಂಚು, ಮುಂದಿನವನ ಬೆನ್ನು, ಮೊದಲ ರ್‍ಯಾಂಕು. ಪ್ರತಿಭಾ ಕಾರಂಜಿಯೂ ಒಳ್ಳೆಯದೇ, ಆದರೆ ಅದರಲ್ಲಿ ಬಹುಪಾಲು ಪ್ರತಿಭೆ ಒಬ್ಬೊಬ್ಬರದೇ. ಕೂಡಿ ಮಾಡಿದ್ದಕ್ಕೇ ಒಂದು ಕಾರಂಜಿ ಇದ್ದಿದ್ದರೆ! ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಷ್ಟು ಹಿಂದೆಯೇ ಮಕ್ಕಳ ಸಂಸ್ಥೆ ಕಟ್ಟಿ ಅದಕ್ಕಿಟ್ಟ ಹೆಸರು ‘ಮಕ್ಕಳ ಕೂಟ’. ಕೂಟ ಎಂಬ ಪದವನ್ನು ಅವರು ಸುಮ್ಮನೆ ಆರಿಸಿರಲಾರರು.

ದೊಡ್ಡ ತರಗತಿಗೂ ದಾರಿಯಿದೆ. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದ ಶಾಲೆಗಳಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಸಲ ಒಂದೇ ಕೋಣೆಗೆ ಬಂದು ದಿನಾ ಹೊಡೆದಾಟವಾದಾಗ, ಮನಶ್ಶಾಸ್ತ್ರಜ್ಞ ಎಲಿಯಟ್ ಆ್ಯರನ್‌ಸನ್ ಮತ್ತು ಅವನ ವಿದ್ಯಾರ್ಥಿಗಳು ಒಂದು ಪಾಠವನ್ನು ಹರಿದು ತುಂಡು ಮಾಡಿದರು. ಗುಂಪಿನ ಪ್ರತಿ ಮಗುವಿಗೂ ಒಂದೊಂದು ತುಂಡು. ತನ್ನ ತುಂಡನ್ನು ತಾನು ಕಲಿತು ಉಳಿದವರಿಗೆ ಹೇಳಿಕೊಡಬೇಕು, ಪರೀಕ್ಷೆ ಇಡೀ ಪಾಠದ್ದು. ಇಂಗ್ಲಿಷ್ ತಡವರಿಸುವ ಹುಡುಗನನ್ನು ಅಣಕಿಸಿದರೆ ಅವನ ತುಂಡು ಸಿಗುವುದಿಲ್ಲ, ನಷ್ಟ ಅಣಕಿಸಿದವನಿಗೇ. ತುಂಡು ಜೋಡಿಸಿ ಚಿತ್ರ ಮಾಡುವ ಆಟದ ಹಾಗೆ, ಅದಕ್ಕೇ ಜಿಗ್ಸಾ ಎಂದು ಹೆಸರು.

ನಮ್ಮಲ್ಲಿ ಇದನ್ನು ಆಟವಾಗಿಯೇ ಮಾಡಬಹುದು. ಐದೈದು ಮಕ್ಕಳ ಗುಂಪಿಗೆ ಹುಳಿಮಾವಿನ ನಕ್ಷೆ ಬರೆಯಲು ಹೇಳಿ. ಒಬ್ಬಳ ಚೀಟಿಯಲ್ಲಿ ಗುಹೆಯೊಳಗಿನ ರಾಮಲಿಂಗೇಶ್ವರ ದೇವಸ್ಥಾನ, ಇನ್ನೊಬ್ಬನದರಲ್ಲಿ ಕೆರೆ ಏರಿ, ಮತ್ತೊಬ್ಬನದರಲ್ಲಿ ಬನ್ನೇರುಘಟ್ಟ ರಸ್ತೆಯ ಮೆಟ್ರೊ ಕಂಬಗಳು, ಅರೆಕೆರೆ ಕಡೆಯ ತಿರುವು, ಬೇಗೂರಿನ ದಾರಿ. ಚೀಟಿ ತೋರಿಸುವಂತಿಲ್ಲ, ಬಾಯಲ್ಲೇ ಹೇಳಬೇಕು. ಯಾದಗಿರಿಯ ಹುಡುಗ ‘ಏರಿ ಆ ಕಡಿ ಅದ’ ಅನ್ನುತ್ತಾನೆ, ಇಲ್ಲಿಯವಳು ‘ಯಾವ ಕಡೆ?’ ಅನ್ನುತ್ತಾಳೆ, ಬಂಗಾಳದವನು ಕೈಸನ್ನೆ ಮಾಡುತ್ತಾನೆ. ನೀರಿನ ಟ್ಯಾಂಕರ್ ಯಾವ ಸಂದಿಯಲ್ಲಿ ತಿರುಗುತ್ತದೆಂಬುದು ಶೀಟ್ ಮನೆಯ ಮಗುವಿಗೆ ಮಾತ್ರ ಗೊತ್ತಿರುತ್ತದೆ. ವ್ಯಾಕರಣದ ಪಾಠದಲ್ಲಿ ಬಾಯಿ ಬಿಡದ ಮಗು ಇಲ್ಲಿ ಬಾಯಿ ಬಿಡಲೇಬೇಕು, ನಕ್ಷೆ ಪೂರ್ತಿಯಾಗಬೇಕಲ್ಲ. ತಿಂಗಳಿಗೊಂದು ಬ್ಯಾಗ್ ಇಲ್ಲದ ಶನಿವಾರ ಇದ್ದೇ ಇದೆ, ಹೊಸ ಆದೇಶಕ್ಕಾಗಿ ಕಾಯಬೇಕಿಲ್ಲ.

‘ಲೋಕವೆಲ್ಲ ಪೈಪೋಟಿ, ಮಕ್ಕಳನ್ನು ಹೀಗೆ ಮೆತ್ತಗೆ ಬೆಳೆಸಿದರೆ ಹೇಗೆ ಸ್ವಾಮಿ?’ ಎಂದು ನನ್ನ ವಾಕಿಂಗ್ ಗೆಳೆಯರು ಕೇಳುತ್ತಾರೆ. ನಾನು ಸೋಲು–ಗೆಲುವಿನ ವಿರೋಧಿಯಲ್ಲ. ಕಬಡ್ಡಿ ಕಂಡರೆ ಕೂತಲ್ಲಿಂದ ಎದ್ದು ನಿಲ್ಲುವವನು. ಆದರೆ ಕಬಡ್ಡಿಯಲ್ಲೂ ಔಟಾದವನನ್ನು ಜೊತೆಗಾರರು ಪಾಯಿಂಟ್ ಗಳಿಸಿ ಮತ್ತೆ ಒಳಗೆ ಕರೆದುಕೊಳ್ಳುತ್ತಾರೆ. ನ್ಯೂಗಿನಿಯ ಗಹುಕು–ಗಾಮ ಜನ ಫುಟ್‌ಬಾಲ್ ಕಲಿತ ಮೇಲೆ ಎರಡೂ ಕಡೆಯ ಗೆಲುವು ಸಮವಾಗುವವರೆಗೆ ದಿನಗಟ್ಟಲೆ ಆಡುತ್ತಿದ್ದರೆಂದು ಮಾನವಶಾಸ್ತ್ರಜ್ಞ ಲೆವಿ–ಸ್ಟ್ರಾಸ್ ಬರೆದಿದ್ದಾನೆ. ಅಷ್ಟು ಪುರುಸೊತ್ತು ನಮಗಿಲ್ಲ, ಒಪ್ಪಿದೆ.

ಮತ್ತೆ ಖಾಲಿ ಸೈಟಿಗೆ ಬರುತ್ತೇನೆ. ಅವತ್ತಿನ ಆಟದಲ್ಲಿ ಹೊತ್ತು ಮುಳುಗುವಷ್ಟರಲ್ಲಿ ಎಲ್ಲರೂ ಲಾಕ್. ಕೊನೆಗೆ ಉಳಿದಿದ್ದ ಹುಡುಗಿಯೂ ಹುಣಸೆ ಮರದ ಹತ್ತಿರ ಸಿಕ್ಕಿಬಿದ್ದಳು. ಹಿಡಿಯುವವನು ಎರಡೂ ಕೈ ಮೇಲೆತ್ತಿ “ಗೇಮ್!” ಎಂದು ಕೂಗಿದ. ಆಗ ಆ ನಾಲ್ಕು ವರ್ಷದವನು, ಇಷ್ಟು ಹೊತ್ತೂ ಯಾರ ಕಣ್ಣಿಗೂ ಬೀಳದೆ ಮಣ್ಣಿನಲ್ಲಿ ಕಡ್ಡಿ ನೆಡುತ್ತಿದ್ದವನು, ಎದ್ದು ಬಂದು ಆ ದೊಡ್ಡ ಹುಡುಗನ ಮೊಣಕಾಲು ಮುಟ್ಟಿದ. ತೀರ್ಪು ಕೊಟ್ಟಿದ್ದನಲ್ಲ, ಅವನದೇ. “ಕೀ” ಎಂದ.

ಗಲಾಟೆಯೋ ಗಲಾಟೆ. “ಅವನು ಲೆಕ್ಕಕ್ಕಿಲ್ಲ!” “ಮುಟ್ಟಿದ್ದಂತೂ ಮುಟ್ಟಿದಾನಲ್ಲೋ!” “ದುಧ್ ಭಾತ್, ದುಧ್ ಭಾತ್!” ಎಂದು ಸೆಕ್ಯುರಿಟಿಯವರ ಮಗ ಕಿರುಚಿದ. “ತಾತ, ನೀವೇ ಹೇಳಿ” ಎಂದು ನನ್ನತ್ತ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಬೀದಿದೀಪ ಹತ್ತಿತು. ದೊಡ್ಡ ಹುಡುಗ ಕಲ್ಲಿನಂತೆ ನಿಂತೇ ಇದ್ದ. ಒಮ್ಮೆ ಹಿಡಿಯುವವನನ್ನು ನೋಡಿದ, ಒಮ್ಮೆ ಕೆಳಗೆ, ತನ್ನ ಮೊಣಕಾಲಿನ ಮೇಲಿದ್ದ ಆ ಮಣ್ಣಾದ ಪುಟ್ಟ ಕೈಯನ್ನು ನೋಡಿದ. ಆಮೇಲೆ ಓಡಿದ.